ಮುಕರ್ರಮ್ ಷೇರುದಾರರ ಸಭೆಗೆ ಹೋದದ್ದು

ಮಾರ್ಗಿಲಾನ್ ಎಂಬ ಊರಿನ ಕೋಕ್‌ಬುಲೋಕ್ ರೇಷ್ಮೆ ಕಾರ್ಖಾನೆಯ ಮಗ್ಗದ ಮನೆಯಲ್ಲಿ ಒಂದು ವರ್ಷದಿಂದ ಎಳೆ ಕಡಿಯುತ್ತಿತ್ತು. ಹಿಂದೆಯೂ ಕಡಿಯುತ್ತಿತ್ತು, ಎಳೆ ಅಂದಮೇಲೆ ಕಡಿಯದೆ ಇರುತ್ತದೆಯೇ. ಆದರೆ ಹಿಂದೆ ದಿನಕ್ಕೆ ನಾಲ್ಕೈದು ಸಲ ಕಡಿದರೆ, ಈಗ ಗಂಟೆಗೆ ನಾಲ್ಕೈದು ಸಲ. ಕಡಿದಾಗಲೆಲ್ಲ ಮಗ್ಗ ನಿಲ್ಲಿಸಬೇಕು, ಹಾಸಿನಲ್ಲಿ ಆ ಒಂದೇ ಎಳೆಯನ್ನು ಹುಡುಕಬೇಕು, ಗಂಟು ಹಾಕಬೇಕು. ಅಷ್ಟರಲ್ಲಿ ಪಕ್ಕದ ಎಳೆ ಕಡಿದಿರುತ್ತದೆ.

ಬಾಗಿಲ ಪಕ್ಕದ ಹಲಗೆಯ ಮೇಲೆ ಪ್ರತಿ ತಿಂಗಳೂ ಒಂದೇ ಚೀಟಿ ಅಂಟಿಸುತ್ತಿದ್ದರು: ‘ಕೆಲಸಗಾರರ ಅಸಡ್ಡೆಯಿಂದ ಬಟ್ಟೆ ಕೆಡುತ್ತಿದೆ. ಈ ತಿಂಗಳೂ ಬೋನಸ್ ಇಲ್ಲ.’

ಮುಕರ್ರಮ್‌ಗೆ ನಲವತ್ತಾರು ವರ್ಷ. ಕಿಟಕಿ ಪಕ್ಕದ ಏಳನೇ ಮಗ್ಗದಲ್ಲಿ ಇಪ್ಪತ್ತೆರಡು ವರ್ಷದಿಂದ ಕೂರುತ್ತಿದ್ದಾಳೆ. ನೂಲು ಸರಿ ಇಲ್ಲ ಎಂದು ಮೊದಲ ಮೂರು ತಿಂಗಳು ಅವಳೂ ಹೇಳಿದಳು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಆಮೇಲೆ ಅವಳು ಹೇಳುವುದನ್ನು ಬಿಟ್ಟಳು. ಇನ್ನೂ ಸ್ವಲ್ಪ ದಿನಕ್ಕೆ ಕಡಿದ ಎಳೆಯನ್ನು ಹುಡುಕುವುದನ್ನೂ ಬಿಟ್ಟಳು. ಹೇಗೂ ಬೋನಸ್ ಇಲ್ಲ, ಬಟ್ಟೆ ಯಾರದೋ, ನನಗೇಕೆ ಉಸಾಬರಿ ಎಂದು ಲಾಳಿ ಎಸೆಯುತ್ತ ಹೋದಳು. ಉಳಿದವರೂ ಹಾಗೇ ಮಾಡಿದರು. ಹೀಗಾಗಿ ಹಲಗೆಯ ಮೇಲಿನ ಚೀಟಿ ಮೊದಮೊದಲು ಸುಳ್ಳಾಗಿದ್ದದ್ದು ಬರಬರುತ್ತ ಅರ್ಧ ನಿಜವಾಯಿತು.

ಇದರ ನಡುವೆ ಇನ್ನೊಂದು ಸಂಗತಿ ನಡೆಯುತ್ತಿತ್ತು. ಮಾರ್ಚ್ ಕೊನೆಯ ಷೇರುದಾರರ ಸಭೆಯಲ್ಲಿ ಆ ಮಗ್ಗದ ಮನೆಯನ್ನೇ ಮುಚ್ಚುವ ಪ್ರಸ್ತಾಪ ಬರುವುದಿತ್ತು. ಅದು ಅಲ್ಲಿ ದುಡಿಯುವ ಮೂವತ್ತೊಂದು ಜನರಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಅವರಲ್ಲಿ ಇಪ್ಪತ್ತಾರು ಜನ ಅದೇ ಕಾರ್ಖಾನೆಯ ಷೇರುದಾರರು, ಅಂದರೆ ಪಾಲಿನ ಮಾಲೀಕರು ಎಂಬುದು ಅವರಿಗೇ ಮರೆತುಹೋಗಿತ್ತು. ಸರಕಾರ ಕಾರ್ಖಾನೆಯನ್ನು ಮಾರಿದ ವರ್ಷ ಕೆಲಸಗಾರರಿಗೂ ಷೇರು ಹಂಚಿದ್ದರು. ಮುಕರ್ರಮ್‌ಳ ಮಾವ ಅಲ್ಲಿ ಬಣ್ಣ ಹಾಕುವವರು. ಅವರಿಗೆ ಅರವತ್ತು ಷೇರು ಬಂದಿತ್ತು. ಸಾಯುವ ಮುಂಚೆ ಅದನ್ನು ಸೊಸೆಯ ಹೆಸರಿಗೆ ಮಾಡಿಸಿದ್ದರು. ಆ ಕಾಗದ ಪೆಟ್ಟಿಗೆಯ ತಳದಲ್ಲಿ, ಹದಿನಾಲ್ಕು ರಜಾಯಿಗಳ ಕೆಳಗೆ, ಸುಖವಾಗಿ ನಿದ್ದೆ ಮಾಡುತ್ತಿತ್ತು.

ಫೆಬ್ರವರಿಯ ಒಂದು ಗುರುವಾರ ಸಂಜೆ ಪಕ್ಕದ ಮನೆಯ ಬರ್ನೊ ಜರಡಿ ವಾಪಸ್ ಕೊಡಲು ಬಂದಳು. ಅವಳು ನೋಟರಿ ಕಚೇರಿಯಲ್ಲಿ ಗುಮಾಸ್ತೆ. ಮುಕರ್ರಮ್ ಅಂಗಳದ ಜಗಲಿ ಮಂಚದ ಮೇಲೆ ಕೂತು ಪಲೋವಿಗೆ ಗಜ್ಜರಿ ಹೆಚ್ಚುತ್ತಿದ್ದಳು. ಅವಳ ಗಂಡ ತುರ್ಗುನ್ ತನ್ನ ಬಾಡಿಗೆ ವ್ಯಾನಿನ ಕೆಳಗೆ ಮಲಗಿ ಏನೋ ಬಿಗಿಯುತ್ತಿದ್ದ. ಅವನ ಕಾಲು ಮಾತ್ರ ಕಾಣುತ್ತಿತ್ತು.

“ಓಪಾ, ನಿಮ್ ಕಾರ್ಖಾನೆ ಸಭೆ ಹತ್ರ ಬಂತಲ್ಲ, ಹೋಗ್ತೀರಾ?” ಎಂದು ಬರ್ನೊ ಕೇಳಿದಳು. ಅಕ್ಕನಂಥವರನ್ನೆಲ್ಲ ಅಲ್ಲಿ ಓಪಾ ಎನ್ನುತ್ತಾರೆ, ಅಣ್ಣನಂಥವರನ್ನು ಆಕಾ.

“ಯಾವ ಸಭೆನೇ?”

“ಷೇರುದಾರರದ್ದು. ಪೇಪರಲ್ಲಿ ಹಾಕಿದ್ರು. ಇರುವೆ ಥರ ಇಷ್ಟಿಷ್ಟೇ ಅಕ್ಷರದಲ್ಲಿ.”

“ಓ, ಅದಾ. ಅದಕ್ಕೆಲ್ಲ ನಮ್ಮ ಮೇಸ್ತ್ರಿ ಹೋಶಿಮ್ ಆಕಾ ಇದಾರಲ್ಲ. ಪ್ರತಿ ವರ್ಷ ಮನೆಗೆ ಬರ್ತಾರೆ, ನಾವು ಸಹಿ ಹಾಕಿ ಕೊಡ್ತೀವಿ, ಅವರೇ ಹೋಗಿ ಬರ್ತಾರೆ.”

“ಏನಂತ ಬರೆದಿರೋದಕ್ಕೆ ಸಹಿ ಹಾಕ್ತೀರಿ?”

“ಸಹಿ ಅಂದ್ರೆ ಸಹಿ ಕಣೇ. ನನ್ನ ಹೆಸರು.”

“ಹೆಸರು ಬರೆಯೋಕೆ ಬರುತ್ತೆ ಅಂತ ತೋರ್ಸೋಕೆ, ಇನ್ಯಾಕೆ?” ಎಂದಿತು ವ್ಯಾನಿನ ಕೆಳಗಿನ ದನಿ.

ಬರ್ನೊ ನಗಲಿಲ್ಲ. ಒಂದು ಗಜ್ಜರಿ ತುಂಡು ಎತ್ತಿ ಬಾಯಿಗೆ ಹಾಕಿಕೊಂಡಳು. “ಅದು ಅಧಿಕಾರ ಪತ್ರ ಓಪಾ. ನನ್ನ ಬದಲು ಇವರು ಹೂಂ ಅನ್ನಬಹುದು, ಊಹೂಂ ಅನ್ನಬಹುದು ಅಂತ ನೀವು ಬರ್ಕೊಟ್ಟ ಹಾಗೆ. ಅವರು ಯಾವುದಕ್ಕೆ ಹೂಂ ಅಂದ್ರು ಅಂತ ಬಂದು ಹೇಳಿದಾರಾ ಯಾವತ್ತಾದ್ರೂ?”

“ನೋಡು ಬರ್ನೊ, ನನ್ನ ಮಾವ ಹೋದಾಗ ಹೆಣಕ್ಕೆ ಸ್ನಾನ ಮಾಡ್ಸಿದ್ದು ಇದೇ ಹೋಶಿಮ್ ಆಕಾ. ಊರಿಗೆಲ್ಲ ದೊಡ್ಡಣ್ಣ ಅವರು. ಅವರ ಮುಂದೆ ಕೂತು ಇದೇನು ಅದೇನು ಅಂತ ಕೇಳೋಕಾಗುತ್ತಾ? ನಾಚ್ಕೆ ಆಗಲ್ವಾ?”

“ಒಳ್ಳೆಯವರೇ, ನಾನೆಲ್ಲಿ ಇಲ್ಲ ಅಂದೆ? ಆದ್ರೆ ಒಳ್ಳೆಯವರು ಅಂದ್ರೆ ಓದಿರ್ತಾರೆ ಅಂತ ಏನಿಲ್ವಲ್ಲ.”

ತುರ್ಗುನ್ ವ್ಯಾನಿನ ಕೆಳಗಿಂದ ತೆವಳಿಕೊಂಡು ಹೊರಬಂದ. ಮೂಗಿನ ತುದಿಗೆ ಗ್ರೀಸ್ ಮೆತ್ತಿತ್ತು. “ಬರ್ನೊ, ಸುಮ್ನೆ ಇವಳ ತಲೆ ಕೆಡಿಸ್ಬೇಡ. ಆ ಕಾಗದ ಇಷ್ಟು ವರ್ಷ ಏನು ಕಿಸಿದಿದೆ? ಕುರಿ ಆದ್ರೆ ಮರಿ ಹಾಕುತ್ತೆ. ನನ್ನ ಸೋದರಮಾವ ಅವನ ಷೇರನ್ನೆಲ್ಲ ಎರಡು ಮೂಟೆ ಹಿಟ್ಟಿಗೆ ಕೊಟ್ಬಿಟ್ಟ. ಒಂದು ಚಳಿಗಾಲ ಪೂರ್ತಿ ಬಿಸಿ ರೊಟ್ಟಿ ತಿಂದ. ಬುದ್ಧಿವಂತ.”

“ಹಿಟ್ಟು ಆ ಚಳಿಗಾಲಕ್ಕೇ ಖಾಲಿ ಆಯ್ತಲ್ಲ ಆಕಾ? ಅದನ್ನ ಕೊಂಡೋರು ಇವತ್ತೂ ಸಭೇಲಿ ಮುಂದಿನ ಸಾಲಲ್ಲಿ ಕೂರ್ತಾರೆ.”

ತುರ್ಗುನ್ ಮೂಗು ಒರೆಸಿಕೊಂಡ. ಗ್ರೀಸ್ ಕೆನ್ನೆಗೂ ಹರಡಿತು.

“ನಮ್ಮ ಕಚೇರಿಗೆ ಬರೋ ಕಾಗದದಲ್ಲಿ ಏನಿರುತ್ತೆ ಅಂತ ನಾನು ಹೇಳೋ ಹಾಗಿಲ್ಲ. ಹೇಳಿದ್ರೆ ನನ್ನ ಕೆಲಸ ಹೋಗುತ್ತೆ,” ಎಂದು ಬರ್ನೊ ಎದ್ದಳು. “ಆದ್ರೆ ಓಪಾ, ನೀವು ಕೇಳ್ಬಹುದು. ಒಂದೇ ಒಂದು ಷೇರು ಇದ್ರೂ ಸಾಕು, ಹೋದ ವರ್ಷದ ಸಭೆ ನಡಾವಳಿ ತೋರ್ಸಿ ಅಂತ ಕಾರ್ಖಾನೆ ಆಫೀಸಲ್ಲಿ ಕೇಳೋ ಹಕ್ಕಿದೆ ನಿಮಗೆ. ಒಂದ್ಸಲ ಕೇಳಿ ನೋಡಿ. ಇಲ್ಲ ಅಂದ್ರೆ ಬರೆದು ಕೊಡಿ ಅನ್ನಿ.”

ಬರ್ನೊಳ ಮಾತಿಗೆ ಮರುಳಾಗಿ ಮುಕರ್ರಮ್ ಆಫೀಸಿಗೆ ಹೋದಳು ಎನ್ನುವ ಹಾಗಿಲ್ಲ. ಹೋಶಿಮ್ ಆಕಾ ಅವರ ಮೇಲೆ ಬಂದ ಅನುಮಾನ ಸುಳ್ಳೆಂದು ತೋರಿಸಿ ಬರ್ನೊಳ ಬಾಯಿ ಮುಚ್ಚಿಸಬೇಕು ಎಂದೇ ಹೋದಳು. ಆಫೀಸಿನ ಗುಮಾಸ್ತ ಸೂರ್ಯಕಾಂತಿ ಬೀಜ ಬಿಡಿಸಿಕೊಂಡು ತಿನ್ನುತ್ತಿದ್ದ.

“ಹೋದ ವರ್ಷದ ಸಭೆಯ ನಡಾವಳಿ ಬೇಕಿತ್ತು,” ಎಂದಳು.

“ಯಾರಿಗೆ?”

“ನನಗೆ.”

ಅವನು ಅವಳ ಏಪ್ರನ್ ನೋಡಿದ, ಅದಕ್ಕೆ ಅಂಟಿದ್ದ ನೂಲಿನ ಚೂರು ನೋಡಿದ. “ನೀವು ಮಗ್ಗದವರಲ್ವಾ?”

“ಮಗ್ಗದವಳೂ ಹೌದು. ಷೇರುದಾರಳೂ ಹೌದು.” ಹಾಗೆ ಹೇಳಿಕೊಂಡದ್ದು ಅದೇ ಮೊದಲು. ಹೇಳಿದ ಮೇಲೆ ಅವಳಿಗೇ ಸ್ವಲ್ಪ ಗಾಬರಿಯಾಯಿತು.

“ನಾಳೆ ಬನ್ನಿ,” ಎಂದ. ಮರುದಿನ ಹೋದಳು. ಬೀಗದಕೈ ಬೇರೆಯವರ ಹತ್ತಿರ ಇದೆ ಎಂದ. ಮೂರನೇ ದಿನ, ಕೊಡುವುದಿಲ್ಲ ಎಂದಾದರೆ ಬರೆದು ಕೊಡಿ ಎಂದಳು. ಬೀಗದಕೈ ಅವನ ಮೇಜಿನ ಡ್ರಾಯರಿನಲ್ಲೇ ಇತ್ತು.

ನಾಲ್ಕು ಹಾಳೆಯ ನಡಾವಳಿ. ಮುಕರ್ರಮ್ ಕಿಟಕಿಯ ಹತ್ತಿರ ನಿಂತು, ಬೆರಳಿಟ್ಟು ಓದಿದಳು. ಮೂರನೇ ವಿಷಯಕ್ಕೆ ಬಂದು ಬೆರಳು ನಿಂತಿತು. ‘ಮೂರು ವರ್ಷದ ಮಟ್ಟಿಗೆ ಹೊಸ ವ್ಯಾಪಾರಿಯಿಂದ ನೂಲು ಕೊಳ್ಳುವುದು. ವ್ಯಾಪಾರಿಯು ಮಂಡಳಿಯ ಸದಸ್ಯರೊಬ್ಬರ ಭಾವಮೈದುನರಾದ್ದರಿಂದ ಷೇರುದಾರರ ಒಪ್ಪಿಗೆ ಕೇಳಲಾಯಿತು. ಪರ: ಎಲ್ಲರೂ. ವಿರೋಧ: ಯಾರೂ ಇಲ್ಲ.’ ಕೊನೆಯಲ್ಲಿ ಹೆಸರುಗಳ ಪಟ್ಟಿ. ಐವತ್ತೆಂಟನೇ ಹೆಸರು ಅವಳದೇ.

ವರ್ಷವಿಡೀ ಬೈದುಕೊಂಡ ಆ ನೂಲಿಗೆ ಹೂಂ ಅಂದವಳು ಅವಳೇ. ಅವಳ ಪಕ್ಕದ ಮಗ್ಗದವಳು, ಅದರ ಪಕ್ಕದವಳು, ಎಲ್ಲರೂ ಹೂಂ ಅಂದಿದ್ದರು. ಮುಕರ್ರಮ್‌ಗೆ ಸಿಟ್ಟು ಬಂತು, ಅದಕ್ಕಿಂತ ಹೆಚ್ಚಾಗಿ ನಾಚಿಕೆಯಾಯಿತು.

ಮನೆಗೆ ಬಂದು ಗಂಡನಿಗೆ ಹೇಳಿದಾಗ ಅವನು ಹೊಟ್ಟೆ ಹಿಡಿದುಕೊಂಡು ನಕ್ಕ. “ಅಂದ್ರೆ ದಿನಾ ಬಂದು ನನ್ನ ಹತ್ರ ಗೊಣಗ್ತಿದ್ದೆಯಲ್ಲ, ಆ ನೂಲನ್ನ ಕಾರ್ಖಾನೆಗೆ ತಂದವಳು ನೀನೇನಾ?” ಅವಳ ಮುಖ ನೋಡಿ ನಗು ನಿಲ್ಲಿಸಿದ. “ಹೋಗ್ಲಿ ಬಿಡು, ನಿಂಗೇನು ಗೊತ್ತಿತ್ತು,” ಎಂದ.

“ಗೊತ್ತಿರಲಿಲ್ಲ ನಿಜ. ಯಾಕೆ ಗೊತ್ತಿರಲಿಲ್ಲ ಹೇಳಿ? ನಾನು ಕೇಳಲಿಲ್ಲ, ಅದಕ್ಕೆ.”

ಮಾರ್ಚ್ ಎರಡನೇ ವಾರ ಹೋಶಿಮ್ ಆಕಾ ಬಂದರು. ಅರವತ್ತಮೂರು ವರ್ಷದವರು, ಮಗ್ಗದ ಮನೆಯ ಮೇಸ್ತ್ರಿ. ಎದೆಯ ಮೇಲೆ ಕೈಯಿಟ್ಟು ಸಲಾಂ ಹೇಳಿ, ಮಕ್ಕಳ, ಕುರಿಗಳ, ವ್ಯಾನಿನ ಯೋಗಕ್ಷೇಮ ಒಂದೊಂದಾಗಿ ಕೇಳಿ, ದಸ್ತರ್‌ಖಾನದ ಮುಂದೆ ಕೂತರು. ಹಾಸಿದ ಬಟ್ಟೆಯ ನಡುವೆ ಇದ್ದ ರೊಟ್ಟಿಯನ್ನು ಎತ್ತಿ ಮುರಿದು ಎಲ್ಲರ ಮುಂದೆ ತುಂಡಿಟ್ಟರು. ಹಿರಿಯರು ರೊಟ್ಟಿ ಮುರಿದರೆಂದರೆ ಆ ಮನೆಯಲ್ಲಿ ಮಾತು ಮುಗಿದ ಹಾಗೆ. ಹುಡುಗಿ ನೋಡಿ ಮದುವೆ ಗೊತ್ತಾಗುವುದೂ ಹೀಗೆಯೇ, ಜಗಳ ತೀರುವುದೂ ಹೀಗೆಯೇ. ಅದಾದ ಮೇಲೆ ಬಂದವರ ಮಾತನ್ನು ಪರೀಕ್ಷೆ ಮಾಡಹೊರಟರೆ ಅವರ ಮುಖಕ್ಕೆ ಹೊಡೆದಂತೆ. ಹೋಶಿಮ್ ಆಕಾ ಮೊದಲು ರೊಟ್ಟಿ ಮುರಿಯುತ್ತಿದ್ದರು, ಆಮೇಲೆ ಜೇಬಿನಿಂದ ಕಾಗದ ತೆಗೆಯುತ್ತಿದ್ದರು. ಇದರಲ್ಲಿ ಅವರ ಕುತಂತ್ರವೇನೂ ಇರಲಿಲ್ಲ. ಯಾರ ಮನೆಗೆ ಹೋದರೂ ಮೊದಲು ರೊಟ್ಟಿ ಮುರಿಯುವುದು ಅವರಿಗೆ ರೂಢಿ.

“ಇಲ್ಲಿ ಒಂದು ಸಹಿ ಹಾಕಮ್ಮ ತಂಗಿ,” ಎಂದು ಬೆರಳಿಟ್ಟು ತೋರಿಸಿದರು.

ಮುಕರ್ರಮ್‌ಳ ಕೈ ತಾನಾಗಿಯೇ ಪೆನ್ನಿನತ್ತ ಹೋಯಿತು. ಅರ್ಧಕ್ಕೆ ತಡೆದಳು. “ಆಕಾ, ಇದರಲ್ಲಿ ಏನಿದೆ? ಓದಿ ಹೇಳ್ತೀರಾ?”

ತುರ್ಗುನ್ ತನ್ನ ಪಿಂಗಾಣಿ ಬಟ್ಟಲಿನ ಟೀ ಒಳಗೆ ಏನೋ ಬಿದ್ದಿದೆಯೇನೋ ಎಂಬಂತೆ ನೋಡತೊಡಗಿದ.

“ಓದೋದೇನಿದೆ ತಂಗಿ? ಪ್ರತಿ ವರ್ಷದ್ದೇ.”

“ಪ್ರತಿ ವರ್ಷದ್ದೂ ನಾನು ಓದಿಲ್ಲ ಆಕಾ.”

“ಅಂದ್ರೆ, ನನ್ನ ಮೇಲೆ ನಂಬಿಕೆ ಇಲ್ಲ ಅಂತಲಾ?” ಮುದುಕರ ಕಿವಿ ಕೆಂಪಾಯಿತು.

“ನಿಮ್ಮ ಮೇಲೆ ಇದೆ. ನನ್ನ ಮಾವನ ಮೇಲೆ ಎಷ್ಟಿತ್ತೋ ಅಷ್ಟೂ ಇದೆ. ಆದ್ರೆ ಇದನ್ನ ಬರೆದೋರು ನೀವಲ್ಲವಲ್ಲ.”

ಹೋಶಿಮ್ ಆಕಾ ಕನ್ನಡಕ ತಂದಿಲ್ಲ ಎಂದರು. ಆಗ ಯಾರೂ ನಿರೀಕ್ಷಿಸದ ಕೆಲಸವನ್ನು ತುರ್ಗುನ್ ಮಾಡಿದ. ಒಳಗೆ ಹೋಗಿ ತನ್ನ ಕನ್ನಡಕ ತಂದು, ಬಟ್ಟೆಯಲ್ಲಿ ಒರೆಸಿ, ಎರಡೂ ಕೈಯಲ್ಲಿ ಅವರ ಮುಂದೆ ಹಿಡಿದ.

ಮುದುಕರು ಓದಿದರು. ವರ್ಷದ ವರದಿ, ಒಪ್ಪಿಗೆ. ಮಂಡಳಿಯ ಮರುನೇಮಕ, ಒಪ್ಪಿಗೆ. ಲೆಕ್ಕ ತಪಾಸಣೆಯವರ ನೇಮಕ, ಒಪ್ಪಿಗೆ. ನಾಲ್ಕನೆಯದು. “‘ಕೈಮಗ್ಗದ ವಿಭಾಗವನ್ನು ಮುಚ್ಚಿ, ಕಟ್ಟಡವನ್ನು ಹದಿನೈದು ವರ್ಷಕ್ಕೆ ಗೋದಾಮಾಗಿ ಬಾಡಿಗೆಗೆ ಕೊಡುವುದು. ಮಗ್ಗಗಳನ್ನು ಕಳಚಿ ವಿಲೇವಾರಿ…’”

ಅವರು ನಿಲ್ಲಿಸಿದರು. ಇನ್ನೊಮ್ಮೆ ಮೊದಲಿನಿಂದ ಓದಿದರು, ಈ ಸಲ ಮನಸ್ಸಿನಲ್ಲಿ. ಅವರು ಆ ಮಗ್ಗದ ಮನೆಗೆ ಬಂದದ್ದು ಹದಿನೇಳನೇ ವಯಸ್ಸಿನಲ್ಲಿ.

“ಯಾರ ಹೆಸರಿಗಿದೆ ಆಕಾ ಈ ಅಧಿಕಾರ? ನಿಮ್ಮ ಹೆಸರಿಗೆ ತಾನೆ?”

“ಇಲ್ಲ… ಆಫೀಸಿನ ವಕೀಲರ ಹೆಸರಿದೆ.” ಅವರ ದನಿ ಇಳಿದಿತ್ತು. “ನಾನು ಸಹಿ ಮಾಡ್ಸಿ ಕೊಡ್ತೀನಮ್ಮ. ಸಭೆ ದಿನ ಹೋಗ್ತೀನಿ, ಕೊನೇಲಿ ಪಲೋವು ಇರುತ್ತೆ, ಊಟ ಮಾಡಿ ಬರ್ತೀನಿ. ಇಷ್ಟು ವರ್ಷ ಅಷ್ಟೇ ಮಾಡಿದ್ದು.”

“ಎಷ್ಟು ಜನ ಸಹಿ ಹಾಕಿ ಆಯ್ತು?”

“ಹತ್ತೊಂಬತ್ತು.”

ತುರ್ಗುನ್ ಗೋಡೆಯ ಹತ್ತಿರ ಹೋಗಿ ಬರ್ನೊಳನ್ನು ಕೂಗಿದ. ಹಿಟ್ಟು ಮೆತ್ತಿದ ಕೈಯಲ್ಲೇ ಅವಳು ಗೋಡೆಯಾಚೆಯಿಂದ ತಲೆ ಎತ್ತಿದಳು. ಸಂಗತಿ ಕೇಳಿ, “ಅಳೋಂಥದ್ದೇನೂ ಆಗಿಲ್ಲ,” ಎಂದಳು. “ಕೊಟ್ಟ ಅಧಿಕಾರನ ವಾಪಸ್ ತಗೋಬಹುದು. ಬೇಡ ಅಂತ ಬರೆದು ಆಫೀಸಿಗೆ ಕೊಟ್ಟು, ಒಂದು ಪ್ರತಿ ಮೇಲೆ ಮುದ್ರೆ ಹಾಕಿಸ್ಕೊಳ್ಳಿ. ಸಭೆ ದಿನ ಗುರುತಿನ ಚೀಟಿ ಹಿಡ್ಕೊಂಡು ಅವರವರೇ ಹೋಗಿ ಕೂರ್ಲಿ. ಆಗ ಅವರ ಬದಲು ಬೇರೆಯವರು ಹೂಂ ಅನ್ನೋಕಾಗಲ್ಲ.”

ಮುಂದಿನ ನಾಲ್ಕು ದಿನ ಹೋಶಿಮ್ ಆಕಾ ಆ ಹತ್ತೊಂಬತ್ತು ಮನೆಗಳಿಗೆ ಮತ್ತೆ ಹೋದರು. ಬಾಗಿಲಲ್ಲೇ ನಿಂತು ಹೇಳಿದರು. ಯಾರ ಮನೆಯಲ್ಲೂ ಕೂರಲಿಲ್ಲ. “ನಾನು ಓದದೆ ನಿನ್ನ ಹತ್ರ ಸಹಿ ಹಾಕಿಸ್ದೆ, ತಪ್ಪಾಯ್ತು,” ಎಂದು ತಮಗಿಂತ ಮೂವತ್ತು ವರ್ಷ ಚಿಕ್ಕವರ ಮುಂದೆ ಹೇಳುವುದು ಆ ಊರಿನಲ್ಲಿ ಸಣ್ಣ ಮಾತಲ್ಲ. ಕೆಲವರು ಅತ್ತರು, ಇಬ್ಬರು ಬೈದರು. ಒಬ್ಬಳಂತೂ, “ಮುಚ್ಚಿದ್ರೆ ಮುಚ್ಚಲಿ ಆಕಾ, ಆ ನೂಲಿನ ಜೊತೆ ಗುದ್ದಾಡಿ ನನಗೂ ಸಾಕಾಗಿದೆ,” ಎಂದು ಒಳಗೆ ಹೋದಳು. ಅವಳು ಕೊನೆಗೂ ಸಭೆಗೆ ಬರಲಿಲ್ಲ.

ಸಭೆಗೆ ಮೂವತ್ತು ಕುರ್ಚಿ ಹಾಕಿದ್ದರು. ಸುದ್ದಿ ಬೇರೆ ವಿಭಾಗಗಳ, ನಿವೃತ್ತರಾದ ಷೇರುದಾರರಿಗೂ ಮುಟ್ಟಿ ಎಂಬತ್ತಕ್ಕೂ ಹೆಚ್ಚು ಜನ ಬಂದರು. ತುರ್ಗುನ್ ಬಾಡಿಗೆ ಬಿಟ್ಟು ಬೆಳಿಗ್ಗೆಯಿಂದ ನಾಲ್ಕು ಸಲ ವ್ಯಾನು ತುಂಬಿಕೊಂಡು ಬಂದಿದ್ದ, ತಾನು ಸುಮ್ಮನೆ ಈ ಕಡೆ ಬರುವುದಿತ್ತು ಎಂದು ಪ್ರತಿ ಸಲವೂ ಹೇಳುತ್ತಿದ್ದ. ಕ್ಯಾಂಟೀನಿನಿಂದ ಬೆಂಚು ತರಿಸಬೇಕಾಯಿತು.

ನಾಲ್ಕನೇ ವಿಷಯ ಬಂತು. ಅಧ್ಯಕ್ಷರು ಓದಿದರು: ಮಗ್ಗದ ಮನೆ ನಷ್ಟದಲ್ಲಿದೆ, ಕೆಲಸಗಾರರ ಕೆಲಸ ದಿನದಿಂದ ದಿನಕ್ಕೆ ಕೆಡುತ್ತಿದೆ, ಬೇರೆ ದಾರಿಯಿಲ್ಲ. “ಯಾರಾದರೂ ಮಾತಾಡುವವರು ಇದ್ದೀರಾ?” ಎಂದು ಕೇಳಿ, ಯಾರೂ ಇರುವುದಿಲ್ಲವೆಂದು ಹಾಳೆ ಮಗುಚಿದರು.

ಮುಕರ್ರಮ್ ಎದ್ದಳು. ಮುಂದಿನ ಬೆಂಚಿನ ಬೆನ್ನು ಹಿಡಿದುಕೊಂಡಳು.

“ಕೆಲಸ ಕೆಟ್ಟಿದೆ ಅಂದ್ರಿ. ಕೆಟ್ಟಿದೆ, ನಿಜ. ನಾನೂ ಕೆಡ್ಸಿದೀನಿ. ಕಡಿದ ಎಳೆನ ಬಿಟ್ಟು ನೇಯ್ದಿದೀನಿ, ಸುಳ್ಳು ಹೇಳಲ್ಲ. ಯಾಕಂದ್ರೆ ಮೂರು ತಿಂಗಳು ಹೇಳಿದ್ವಿ, ನಮ್ಮ ಮಾತು ಯಾರಿಗೂ ಬೇಕಾಗಿರಲಿಲ್ಲ. ಮಾತು ಬೇಡ ಅಂದ ಕಡೆ ಕೈಗೂ ಮನಸ್ಸು ಬರಲ್ಲ. ಆ ನೂಲಿಗೆ ಹೋದ ವರ್ಷ ಇದೇ ಸಭೇಲಿ ಹೂಂ ಅಂದವಳೂ ನಾನೇ. ಓದದೆ ಅಂದೆ. ಈ ಸಲ ಓದಿದೀನಿ, ಬೇಡ ಅಂತೀನಿ. ಒಂದು ವರ್ಷ ಒಳ್ಳೆ ನೂಲು ಕೊಟ್ಟು ನೋಡಿ. ಆಮೇಲೂ ನಷ್ಟ ಆದ್ರೆ ನಾನೇ ಬಂದು ಬಾಗಿಲು ಮುಚ್ತೀನಿ.”

ಅಧ್ಯಕ್ಷರು ಪಟ್ಟಿ ನೋಡಿದರು. “ನಿಮ್ಮದು ಅರವತ್ತು ಷೇರು ಅಲ್ಲವೇ?” ಎಂದರು. ಮುಂದಿನ ಸಾಲಿನಲ್ಲಿ ಯಾರೋ ನಕ್ಕರು.

“ಹೌದು, ಅರವತ್ತೇ. ಎಣಿಸ್ಕೊಳ್ಳಿ.”

ಹಿಂದಿನಿಂದ ಹೋಶಿಮ್ ಆಕಾ ಎದ್ದು, “ನನ್ನದು ಎಪ್ಪತ್ತೈದು. ಅದನ್ನೂ ಎಣಿಸಿ,” ಎಂದರು. ಆಮೇಲೆ ಒಬ್ಬೊಬ್ಬರಾಗಿ ಎದ್ದರು. ನಲವತ್ತು. ಇಪ್ಪತ್ತೆರಡು. ಹನ್ನೊಂದು. ಒಬ್ಬ ವಿಧವೆ, “ನನ್ನದು ಮೂರೇ ಮೂರು,” ಎಂದಾಗ ಈ ಸಲ ಯಾರೂ ನಗಲಿಲ್ಲ.

ಕಾರ್ಖಾನೆಯ ನಿಯಮದಂತೆ ಇಂಥದ್ದಕ್ಕೆ ನಾಲ್ಕರಲ್ಲಿ ಮೂರು ಪಾಲು ಒಪ್ಪಿಗೆ ಬೇಕಿತ್ತು. ಚೀಟಿ ಎಣಿಸಿದಾಗ ಅಷ್ಟು ಬರಲಿಲ್ಲ. ಮಗ್ಗದ ಮನೆ ಉಳಿಯಿತು. ಬಂದ ನೂಲನ್ನು ಇಬ್ಬರು ನೇಕಾರರು ಪರೀಕ್ಷೆ ಮಾಡಿದ ಮೇಲೆಯೇ ತೆಗೆದುಕೊಳ್ಳಬೇಕು ಎಂದೂ ನಡಾವಳಿಯಲ್ಲಿ ಬರೆಸಿಕೊಂಡರು.

ಎಲ್ಲವೂ ಸರಿಹೋಯಿತು ಎಂದು ಹೇಳಿದರೆ ಸುಳ್ಳಾಗುತ್ತದೆ. ವ್ಯಾಪಾರಿ ಎರಡು ಸಲ ಹಳೆಯ ನೂಲನ್ನೇ ತಂದ, ಎರಡು ಸಲವೂ ವಾಪಸ್ ಹೋಯಿತು. ಬೋನಸ್ ಬಂದದ್ದು ಶರತ್ಕಾಲಕ್ಕೆ, ಅದೂ ಅರ್ಧ. ಆದರೆ ಬೇಸಿಗೆ ಮುಗಿಯುವ ಹೊತ್ತಿಗೆ ಕೆಟ್ಟ ಬಟ್ಟೆ ಹಿಂದಿನದರ ಮೂರನೇ ಒಂದು ಭಾಗಕ್ಕೆ ಇಳಿದಿತ್ತು. ಅದಕ್ಕೆ ನೂಲೊಂದೇ ಕಾರಣವಲ್ಲ. ತಮ್ಮನ್ನು ಕೇಳುವವರಿದ್ದಾರೆ ಎಂದು ಗೊತ್ತಾದ ಮೇಲೆ ಆ ಮೂವತ್ತೊಂದು ಜನ ಮಗ್ಗ ನಿಲ್ಲಿಸಿ ತಪ್ಪು ತಿದ್ದುವುದನ್ನು ಮತ್ತೆ ಶುರುಮಾಡಿದ್ದರು.

ಒಂದು ದಿನ ತುರ್ಗುನ್ ಹೆಂಡತಿಯ ಹತ್ತಿರ ಬಂದು, “ನಿಮ್ಮ ಕಾರ್ಖಾನೆ ಷೇರು ಯಾರಾದ್ರೂ ಮಾರೋರಿದ್ರೆ ಹೇಳು, ಎರಡು ಕುರಿ ಕೊಟ್ಟು ತಗೊಳ್ಳೋಣ ಅಂತಿದೀನಿ,” ಎಂದ.

“ಮೊದಲು ಈ ವರ್ಷದ ವರದಿ ಓದಿ. ಆಮೇಲೆ ಬೇಕೋ ಬೇಡವೋ ಹೇಳಿ,” ಎಂದು ಮುಕರ್ರಮ್ ಆ ಹಾಳೆಗಳನ್ನು ಅವನ ಕೈಗೆ ಕೊಟ್ಟಳು. ಅವನು ಮೂರು ದಿನ ಓದಿದ. ಕುರಿಗಳನ್ನು ಸದ್ಯಕ್ಕೆ ಮಾರುವುದು ಬೇಡ, ಇನ್ನೊಂದು ವರ್ಷ ನೋಡೋಣ ಎಂದ. ಮುಂದಿನ ಸಭೆ ಯಾವತ್ತು ಎಂದು ಮಾತ್ರ ಕೇಳಿ ಬರೆದಿಟ್ಟುಕೊಂಡ.

ಓದುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮದು ಕಾರ್ಖಾನೆಯ ಷೇರೇ ಆಗಬೇಕೆಂದಿಲ್ಲ. ಸಹಕಾರ ಸಂಘ ಇರಬಹುದು, ಹಾಲಿನ ಡೇರಿ ಇರಬಹುದು, ನೀವು ಸೇರಿ ಕಟ್ಟಿದ ಉಳಿತಾಯದ ಗುಂಪಿರಬಹುದು. ಸಭೆಯ ನೋಟಿಸು ಬಂದರೆ ಓದಿ. ಓದಲು ಬಾರದಿದ್ದರೆ ಬರುವವರಿಂದ ಓದಿಸಿ. ಹಳೆಯ ನಡಾವಳಿ ಕೇಳಿ. ಸಹಿ ಕೇಳಲು ಬಂದವರು ಎಷ್ಟೇ ದೊಡ್ಡವರಾದರೂ, ಎಷ್ಟೇ ಒಳ್ಳೆಯವರಾದರೂ, ಇದರಲ್ಲಿ ಏನಿದೆ ಎಂದು ಕೇಳಿ. ಅದರಿಂದ ಅವರ ಮರ್ಯಾದೆ ಹೋಗುವುದಿಲ್ಲ. ಅವರಿಗೂ ಅದು ಗೊತ್ತಿಲ್ಲದೆ ಇರಬಹುದು.

ನೀವು ಹೋಗದ ಸಭೆಯಲ್ಲಿ ನಿಮ್ಮ ಕುರ್ಚಿ ಖಾಲಿ ಇರುತ್ತದೆ ಎಂದುಕೊಳ್ಳಬೇಡಿ. ಅಲ್ಲಿ ನಿಮ್ಮ ಹೆಸರಿನಲ್ಲಿ ಯಾರೋ ಹೂಂ ಅನ್ನುತ್ತಿರುತ್ತಾರೆ. ಈ ಸಲ ನೀವೇ ಹೋಗಿ, ಯಾವುದಕ್ಕೆ ಎಂದು ಕೇಳಿ.